ದೀಪಕ್ಕೆ ಬೆನ್ನು ಹಾಕಿದ ಹೆಜ್ಜೆ

ನಾನು ನೃತ್ಯ ಬರೆಯುತ್ತೇನೆ ಎಂದರೆ ಹತ್ತರಲ್ಲಿ ಒಂಬತ್ತು ಜನ, ಪತ್ರಿಕೆಗೆ ವಿಮರ್ಶೆ ಬರೆಯುತ್ತಾಳೆ ಎಂದುಕೊಳ್ಳುತ್ತಾರೆ. ಹತ್ತನೆಯವಳು ನಮ್ಮಮ್ಮ. ಅವಳು ನನ್ನ ನೋಟ್‌ಬುಕ್ಕನ್ನು ಅತ್ತಿತ್ತ ತಿರುಗಿಸಿ, "ಇದೆಂಥದ್ದು ಮಾರಾಯ್ತಿ, ಮನೆ ಕಟ್ಟುವ ಪ್ಲಾನಾ?" ಎಂದು ಕೇಳಿದಳು.

ನ್ಯಾಯವಾದ ಪ್ರಶ್ನೆಯೇ. ಪುಟದ ತುಂಬ ಮೂರು ಉದ್ದ ಗೆರೆ, ಅವುಗಳ ಆಚೆ ಈಚೆ ಕರಿ ಬಿಳಿ ಡಬ್ಬಿಗಳು. ಕೆಲವಕ್ಕೆ ಮೂತಿ ಚೂಪು, ಕೆಲವಕ್ಕೆ ಓರೆ. ಕೆಳಗಿನಿಂದ ಮೇಲಕ್ಕೆ ಓದಬೇಕು. ನಡುಗೆರೆಯ ಬಲಕ್ಕಿರುವುದು ಕುಣಿಯುವವಳ ಬಲಗಾಲು, ಎಡಕ್ಕಿರುವುದು ಎಡಗಾಲು. ಡಬ್ಬಿ ಉದ್ದವಿದ್ದರೆ ಹೆಜ್ಜೆ ನಿಧಾನ, ಗಿಡ್ಡವಿದ್ದರೆ ಚುರುಕು. ಇಷ್ಟು ತಿಳಿದರೆ ಅರ್ಧ ತಿಳಿದ ಹಾಗೆ. ಉಳಿದರ್ಧಕ್ಕೆ ನನಗೆ ವಡೋದರಾದ ಹಾಸ್ಟೆಲಿನಲ್ಲಿ ಎರಡು ವರ್ಷ ಹಿಡಿಯಿತು.

ಹೆಮ್ಮೆ ಇದೆ, ಮುಚ್ಚಿಡುವುದಿಲ್ಲ. ಅಪ್ಪ ಕುಂದಾಪುರದ ಕಡೆಯಿಂದ ಸೂರತ್‌ಗೆ ಬಂದು ವರಾಛಾದ ಉಡುಪಿ ಹೋಟೆಲಿನಲ್ಲಿ ದೋಸೆ ಕಾವಲಿಯ ಮುಂದೆ ನಿಂತವರು. ಓದಿದ್ದು ನಾಲ್ಕನೇ ಕ್ಲಾಸು. ಅಮ್ಮನಿಗೆ ಅದೂ ಇಲ್ಲ. ಶಾಲೆಗೊಂದು ರಜಾ ಚೀಟಿ ಬೇಕಾದರೂ ಪಕ್ಕದ ಮನೆಯವರು ಊಟ ಮುಗಿಸುವ ತನಕ ಬಾಗಿಲಲ್ಲಿ ಕಾಯಬೇಕಾಗಿತ್ತು. ನಮ್ಮ ಮನೆಗೆ ಬಂದ ಮೊದಲ ಡಿಗ್ರಿ ನನ್ನದು. ಅಂಥವಳ ಎದುರು ನಿಂತು ಯಾರಾದರೂ "ಬರೆಯುವುದೇಕೆ?" ಎಂದರೆ ಮೈ ಉರಿಯುತ್ತದೆ. ಹಾಗೆ ಕೇಳುವವರೆಲ್ಲ ಮೂರು ತಲೆಮಾರಿನಿಂದ ಓದಿದವರೇ ಆಗಿರುತ್ತಾರೆ, ಅದು ಬೇರೆ ಮಾತು.

ಕೇಳಿದವರು ಅಹಮದಾಬಾದಿನ ಬೋಡಕ್‌ದೇವ್‌ನಲ್ಲಿ ನೃತ್ಯಶಾಲೆ ನಡೆಸುವ ಮೇಡಂ. ಅಲ್ಲಿ ಶನಿವಾರ ಒಂದು ಗಂಟೆ ನಾನು ಮಕ್ಕಳಿಗೆ ಈ ಲಿಪಿ ಕಲಿಸುತ್ತಿದ್ದೆ. "ಅರೆ ಬೇಟಾ, ಎಲ್ಲರ ಕೈಯಲ್ಲೂ ಫೋನಿದೆ. ವಿಡಿಯೊ ಸಾಕಲ್ಲ? ಈ ಡಬ್ಬಿ ಯಾರು ಓದ್ತಾರೆ?" ಎಂದರು. ಮುಂದಿನ ವಾರದಿಂದ ನನ್ನ ಗಂಟೆಗೆ ಯೋಗ ಬಂತು. ಯೋಗಕ್ಕೇನೂ ನನ್ನ ವಿರೋಧವಿಲ್ಲ. ಆದರೆ ಅದು ಕುಳಿತಿದ್ದು ನನ್ನ ಕುರ್ಚಿಯಲ್ಲಿ.

ಹಾಡಿಗೆ ಸ್ವರ ಬರೆದರೆ ಶಾಸ್ತ್ರ, ಹೆಜ್ಜೆಗೆ ಡಬ್ಬಿ ಬರೆದರೆ ಹುಚ್ಚು. ದೇವಸ್ಥಾನದ ಗೋಡೆಗಳ ಮೇಲೆ ಎಷ್ಟೊಂದು ಹೆಂಗಸರು ಕಾಲೆತ್ತಿ ನಿಂತಿದ್ದಾರೆ ನೋಡಿ. ಆ ಕಾಲನ್ನು ಆಮೇಲೆ ಎಲ್ಲಿಟ್ಟರು ಎಂದು ಒಬ್ಬ ಶಿಲ್ಪಿಯೂ ಹೇಳಲಿಲ್ಲ. ನೂರಾರು ವರ್ಷದಿಂದ ಪಂಡಿತರು ಆ ಎತ್ತಿದ ಕಾಲಿನ ಕೆಳಗೆ ಕುಳಿತು ಜಗಳವಾಡುತ್ತಿದ್ದಾರೆ.

ನನ್ನ ಜಗಳ ಅಷ್ಟು ಹಳೆಯದಲ್ಲ. ಅದು ಜೀವಿಬಾ ಅವರ ಹೆಜ್ಜೆಯದು. ಅಪ್ಪನ ಹೋಟೆಲಿಗೆ ದಿನಾ ಬರುವ, ವಜ್ರಕ್ಕೆ ಪಾಲಿಶ್ ಹಾಕುವ ಗಿರಾಕಿಯೊಬ್ಬರ ತಾಯಿ ಅವರು. ಸೂರತ್‌ನ ಕತಾರ್‌ಗಾಮ್‌ನಲ್ಲಿ ಮನೆ. ಗುಜರಾತಿಯಲ್ಲಿ 'ಬಾ' ಎಂದರೆ ಅಮ್ಮ, ಅವರನ್ನು ಎಲ್ಲರೂ ಕರೆಯುವುದೇ ಹಾಗೆ. ಗರ್ಬಾ ಎಂದರೆ ನಡುವೆ ದೀಪವಿಟ್ಟು ಸುತ್ತ ಕುಣಿಯುವುದು. ಆ ದೀಪವೇ ದೇವಿ. ಸುತ್ತುವಾಗ ದೀಪ ಎಡಗಡೆಗೆ ಇರುತ್ತದೆ. ಜೀವಿಬಾ ತಮ್ಮ ಸೌರಾಷ್ಟ್ರದ ಹಳ್ಳಿಯಿಂದ ತಂದ ಹೆಜ್ಜೆಯಲ್ಲಿ ಬಲಕ್ಕೆ ಬಾಗಿ ಮೂರು ಚಪ್ಪಾಳೆ, ಆಮೇಲೆ ಎಡಕ್ಕೆ ತಿರುಗಿ ದೀಪಕ್ಕೆ ಮುಖ. ಈಗ ಅದನ್ನು ಹಾಕುವವರು ಅವರೊಬ್ಬರೇ. ನಾನು ಎಂಟು ಭಾನುವಾರ ಅವರ ಮನೆಯ ನೆಲದ ಮೇಲೆ ಕುಳಿತು ಬರೆದೆ. ನನ್ನಿಂದ ಇದನ್ನು ಕೇಳಿದ್ದ ಮೇಡಂ, ಸೂರತ್‌ಗೆ ಬಂದಿದ್ದಾಗ ಒಂದು ದಿನ ಅಲ್ಲಿಗೂ ಬಂದು ಹತ್ತು ನಿಮಿಷ ಕುಳಿತರು. ಫೋನಿನ ಸೆಲ್ಫಿ ಕ್ಯಾಮೆರಾದಲ್ಲಿ ವಿಡಿಯೊ ಮಾಡಿದರು, ಮೂಲೆಯಲ್ಲಿ ತಮ್ಮ ಮುಖವೂ ಬರಲಿ ಎಂದು.

ಆ ವಿಡಿಯೊ ನೋಡಿಯೇ ಮಕ್ಕಳಿಗೆ ಕಲಿಸಿದರು. ನವರಾತ್ರಿಗೆ ಮೊದಲು ಕಾರ್ಯಕ್ರಮ. ಬಾ ಮಗನ ಜೊತೆ ಸೂರತ್‌ನಿಂದ ರೈಲಿನಲ್ಲಿ ಬಂದು ಮುಂದಿನ ಸಾಲಿನಲ್ಲಿ ಕುಳಿತರು, ಪಕ್ಕದಲ್ಲಿ ನಾನು. ಮಕ್ಕಳು ಎಡಕ್ಕೆ ಬಾಗಿ ಮೂರು ಚಪ್ಪಾಳೆ ಹೊಡೆದು, ಬಲಕ್ಕೆ ತಿರುಗಿ, ಇಪ್ಪತ್ತು ಬೆನ್ನುಗಳನ್ನು ದೀಪಕ್ಕೆ ತೋರಿಸಿ ನಿಂತರು. ಮೇಡಂ ಮೈಕು ಹಿಡಿದು, "ಈ ತಿರುವನ್ನು ಗಮನಿಸಿ. ಇದು ಹೆಣ್ಣಿನ ಮೌನ ಪ್ರತಿಭಟನೆ," ಎಂದು ವಿವರಿಸಿದರು.

ಬಾ ಎದ್ದರು. "ಮಾತಾಜಿಗೆ ಬೆನ್ನು ಹಾಕೋದು ಯಾರು ಕಲಿಸಿದ್ದು ಈ ಮಕ್ಕಳಿಗೆ?"

"ನೀವೇ ಅಲ್ವಾ ಬಾ!" ಮೇಡಂ ನಕ್ಕರು.

"ನಾನಾ? ಸತ್ತರೂ ಹಾಕಲ್ಲ."

ಮೇಡಂ ಫೋನು ತಂದು ತೋರಿಸಿದರು. ಬಾ ಕನ್ನಡಕ ಸರಿಮಾಡಿಕೊಂಡು ನೋಡಿದರು. ಅವರಿಗೆ ಮೇಡಂ ಬರೀ 'ಬೆನ್', ತಂಗಿ. "ನನ್ನ ಸೆರಗು ಎಡ ಹೆಗಲಿಗೆ ಯಾವಾಗ ಹೋಯ್ತು ಬೆನ್? ಮದುವೆಯಾದಾಗಿನಿಂದ ಬಲಕ್ಕೇ ಇದೆಯಲ್ಲ."

ಸೆಲ್ಫಿ ಕ್ಯಾಮೆರಾ ಕನ್ನಡಿಯ ಹಾಗೆ ಎಡಬಲ ಅದಲುಬದಲು ಮಾಡಿತ್ತು. ಇಡೀ ಶಾಲೆಯಲ್ಲಿ ಒಬ್ಬರಾದರೂ ಆ ಸೆರಗು ನೋಡಬಾರದಿತ್ತೇ? ಎಲ್ಲ ಬಲಕ್ಕೇ ಸೆರಗು ಹಾಕುವ ಗುಜರಾತಿ ಹೆಂಗಸರು! ಒಂದು ತಪ್ಪಾಯಿತು, ಆಗಲಿ. ಆದರೆ ಆ ತಪ್ಪಿಗೊಂದು ತತ್ವ ಕಟ್ಟಿದರಲ್ಲ, ಅದು ನನ್ನ ಹೊಟ್ಟೆ ಉರಿಸಿದ್ದು. ಆ ಮುದುಕಿ ಬರದೇ ಇದ್ದಿದ್ದರೆ ಅವರ ಹೆಜ್ಜೆ ಅವರ ಹೆಸರಿನಲ್ಲೇ ತಿರುಗುಮುರುಗಾಗಿ ಊರೆಲ್ಲ ಹಬ್ಬುತ್ತಿತ್ತು.

ನಾನು ಚೀಲದಿಂದ ನೋಟ್‌ಬುಕ್ ತೆಗೆದೆ. ಚಪ್ಪಲಿ ಬಿಟ್ಟು ವೇದಿಕೆ ಹತ್ತಿ, ಒಂದು ಕೈಯಲ್ಲಿ ಪುಸ್ತಕ ಹಿಡಿದು, ಓದುತ್ತ ಕುಣಿದೆ. ಬಲಕ್ಕೆ ಬಾಗಿ ಒಂದು, ಎರಡು, ಮೂರು. ಒಂದು ಕ್ಷಣ ತಡೆ. ಎಡಕ್ಕೆ ತಿರುಗಿದೆ. ದೀಪ ನನ್ನ ಮುಖದೆದುರು. ಮೇಡಂ ಕಡೆ ನಾನು ನೋಡಿದ ನೋಟವನ್ನು ಬರೆಯುವ ಡಬ್ಬಿ ಯಾವ ಲಿಪಿಯಲ್ಲೂ ಇಲ್ಲ.

"ಕಾಲು ಸರಿ. ದೀಪವೂ ಸರಿ," ಎಂದರು ಬಾ. "ನಡುವೆ ಯಾಕೆ ನಿಂತೆ?"

"ನೀವು ನಿಂತಿದ್ರಿ ಬಾ. ಪ್ರತಿ ಸಲ."

"ಅದು ಮಂಡಿನೋವು, ಮಗಳೇ."

ಸಭೆಯೆಲ್ಲ ನಕ್ಕಿತು. ಆ ತಡೆಯ ಸೌಂದರ್ಯದ ಮೇಲೆ ನನ್ನ ಸಂಶೋಧನಾ ಪ್ರಬಂಧದಲ್ಲಿ ನಾಲ್ಕು ಪುಟ ಇದ್ದವು. ವಿರಾಮ, ಉಸಿರು, ದೇವಿಯ ಎದುರಿನ ಹಿಂಜರಿಕೆ, ಏನೇನೋ. ಪ್ರತಿಭಟನೆ ಎಂಬ ಪದ ಮಾತ್ರ ಹೊಳೆದಿರಲಿಲ್ಲ, ಅಷ್ಟೇ ನನಗೂ ಮೇಡಂಗೂ ವ್ಯತ್ಯಾಸ.

"ನೋಡಿದೆಯಾ, ನಿನ್ನ ಕಾಗದವೂ ತಪ್ಪು!" ಮೇಡಂ ಎಲ್ಲರಿಗಿಂತ ಜೋರಾಗಿ ನಕ್ಕರು.

ಸಿಟ್ಟಿನಲ್ಲಿ ನನಗೆ ಉತ್ತರ ಹೊಳೆಯುವುದೇ ಇಲ್ಲ. ಮನೆಗೆ ಬಂದು ಸಾರಿಗೆ ಒಗ್ಗರಣೆ ಹಾಕುವಾಗ ಹೊಳೆಯುತ್ತದೆ. ಉತ್ತರ ಕೊಟ್ಟದ್ದು ಬಾ. "ಅವಳ ತಪ್ಪು ನನ್ನ ಮಂಡಿಯದು ಬೆನ್. ನಿಮ್ಮದರಲ್ಲಿ ನಿಮ್ಮ ಮುಖವೇ ಜಾಸ್ತಿ ಇದೆ. ಹುಡುಗಿಯರಿಗೆ ಇವಳೇ ಕಲಿಸಲಿ, ಇವಳು ಕೇಳಿ ತಿದ್ದಿಕೊಳ್ತಾಳೆ."

ಶನಿವಾರದ ಗಂಟೆ ವಾಪಸು ಬಂತು. ಮೇಡಂ ಕ್ಷಮೆ ಕೇಳಲಿಲ್ಲ. ವೇಳಾಪಟ್ಟಿಯಲ್ಲಿ ಯೋಗದ ಕೆಳಗೆ ಸಣ್ಣಕ್ಷರದಲ್ಲಿ ಸೇರಿಸಿದರು. ವಿಡಿಯೊವನ್ನೂ ಅಳಿಸಿಲ್ಲ, ಅದರಲ್ಲಿ ಅವರು ಚೆನ್ನಾಗಿ ಬಂದಿದ್ದಾರೆ. ಸಿಟ್ಟು ಇಳಿದಿಲ್ಲ, ಇಳಿಸುವ ಅವಸರವೂ ನನಗಿಲ್ಲ.

ಮರುವಾರ ಕತಾರ್‌ಗಾಮ್‌ಗೆ ಹೋದೆ. ಆ ತಡೆ ತೆಗೆದು ಹೊಸದಾಗಿ ಒಂದು ಪುಟ ಬರೆದೆ, ಮಕ್ಕಳಿಗೆ ಕಲಿಸಲು. ಹಳೆಯ ಪುಟ ಹರಿಯಲು ಕೈ ಬರಲಿಲ್ಲ. ಪ್ರಬಂಧದ ನಾಲ್ಕು ಪುಟ ಹೋಗಲಿ. ಎಪ್ಪತ್ತು ದಾಟಿದ ಹೆಂಗಸೊಬ್ಬಳು ನೋಯುವ ಮಂಡಿಯಲ್ಲಿ ದೇವಿಯ ಕಡೆಗೆ ತಿರುಗಿದ್ದು ಹೀಗೆಯೇ ಅಲ್ಲವೇ? ಆ ಹಳೆಯ ಪುಟದ ತಲೆಯ ಮೇಲೆ 'ಜೀವಿಬಾ, ಮಂಡಿ ಸಹಿತ' ಎಂದು ಬರೆದಿಟ್ಟೆ.

"ಇದನ್ನು ಯಾರಿಗೆ ಕಲಿಸ್ತೀ?" ಎಂದು ಕೇಳಿದರು ಬಾ.

"ಯಾರಿಗೂ ಇಲ್ಲ ಬಾ. ಇದು ನೀವು, ನಿಮ್ಮ ಮಂಡಿನೋವಿನ ಸಮೇತ."

ಓದಲು ಬಾರದ ಅವರು ಪುಟವನ್ನು ಕಣ್ಣಿನ ಹತ್ತಿರ ತಂದು ಬಹಳ ಹೊತ್ತು ನೋಡಿದರು.

"ಸೊಂಟದ್ದು ಎಲ್ಲಿ? ಅದನ್ನು ಯಾಕೆ ಬಿಟ್ಟೆ?"