ಉಮಾ ಹೊರಗೆ ಬಿಡದ ಹಾಡುಗಳು

ತನ್ನದೇ ಹಾಡು ಕೇಳಿಸಿದರೆ ಉಮಾ ಎರಡೂ ಕಿವಿ ಮುಚ್ಚಿಕೊಳ್ಳುತ್ತಿದ್ದಳು. ನಾಟಕವಲ್ಲ. ಅಂಗೈಗಳನ್ನು ಗಟ್ಟಿಯಾಗಿ ಒತ್ತಿಕೊಂಡು, ಹಲ್ಲು ಕೀಳಿಸಿಕೊಳ್ಳಲು ಕೂತವಳ ಹಾಗೆ ಮುಖ ಕಿವುಚಿ, "ಸಾಕು, ಆಫ್ ಮಾಡೋ" ಎನ್ನುತ್ತಿದ್ದಳು. ಬೇರೆ ಯಾರೇ ಹಾಡಿದರೂ ಮೆಚ್ಚಲು ಏನಾದರೊಂದು ಹುಡುಕುತ್ತಿದ್ದವಳು, ತನ್ನ ವಿಷಯಕ್ಕೆ ಬಂದರೆ ಕಟುಕಿ.

ನಾವು ಕಾಲೇಜಿನಲ್ಲಿ ಒಟ್ಟಿಗೆ ಓದಿದವರು. ಅವಳ ಮನೆ ತ್ಯಾಗರಾಜನಗರದಲ್ಲಿ, ಅಪ್ಪನ ಬಳೆ ಅಂಗಡಿ ಬಳೇಪೇಟೆಯಲ್ಲಿ. ಭಾನುವಾರ ಮಧ್ಯಾಹ್ನ ಅಂಗಡಿ ಮುಚ್ಚಿದ ಮೇಲೆ, ಮೇಲಿನ ಗೋದಾಮಿನಲ್ಲಿ ಬಳೆ ಡಬ್ಬಗಳ ನಡುವೆ ಕೂತು, ಗಿಟಾರ್ ನುಡಿಸಿಕೊಂಡು ತಾನೇ ಬರೆದ ಹಾಡುಗಳನ್ನು ಹಾಡುತ್ತಿದ್ದಳು. ಲ್ಯಾಪ್‌ಟಾಪಿಗೆ ಅಗ್ಗದ ಮೈಕು ಸಿಕ್ಕಿಸಿ ರೆಕಾರ್ಡ್ ಮಾಡುವುದು ನನ್ನ ಕೆಲಸ.

ಅದರಲ್ಲೊಂದು ಅವಳ ಅಪ್ಪನ ಮೇಲಿನ ಹಾಡು. ಊರಿನ ಹೆಂಗಸರಿಗೆಲ್ಲ ನೋವಾಗದಂತೆ ಬಳೆ ತೊಡಿಸುವ ಅಪ್ಪ, ಮಗಳ ಕೈಯನ್ನು ಮಾತ್ರ ಯಾವತ್ತೂ ಹಿಡಿದವನಲ್ಲ ಎಂದು. ಎರಡನೆಯ ಚರಣದಲ್ಲಿ 'ಅಪ್ಪ' ಎನ್ನುವಾಗ ಅವಳ ಗಂಟಲು ಒಡೆಯುತ್ತದೆ. ಮುಂದಿನ ಸಾಲು ಮರೆತುಹೋಗಿ ಬರೀ ಗುನುಗುತ್ತಾಳೆ. ಕೆಳಗೆ ಬೀದಿಯಲ್ಲಿ ಕೈಗಾಡಿಯೊಂದು ಗಡಗಡ ಎಂದು ಹೋಗುತ್ತದೆ. ಅದು ದಾಟುವವರೆಗೆ ಕಾದು ಮತ್ತೆ ಹಾಡು ಹಿಡಿಯುತ್ತಾಳೆ. ಎಷ್ಟು ಸಲ ಕೇಳಿದರೂ ಆ ಗುನುಗು ಬಂದಾಗ ನಾನು ಮಾಡುತ್ತಿದ್ದ ಕೆಲಸ ನಿಲ್ಲುತ್ತದೆ.

"ಕಚ್ಚಾ ಮಾಲು ಕಣೋ ಅದು. ಯಾರಿಗೂ ಕೇಳಿಸ್ಬೇಡ" ಎನ್ನುತ್ತಿದ್ದಳು.

ಆಮೇಲೆ ಕೂಡಿಟ್ಟ ಸಂಬಳವನ್ನೆಲ್ಲ ಸುರಿದು ಸ್ಟುಡಿಯೋದಲ್ಲಿ ಅವೇ ಹಾಡುಗಳ ಆಲ್ಬಂ ಮಾಡಿದಳು. ಹಿಂದೆ ಕೊಳಲು, ವಯಲಿನ್. ಒಡೆದ ಗಂಟಲನ್ನು ಸರಿಪಡಿಸಲು ಲೆಕ್ಕವಿಲ್ಲದಷ್ಟು ಸಲ ಹಾಡಿದಳು. ಸರಿಯಾಯಿತು, ಹಾಡು ಸತ್ತಿತು. ಕೇಳಿದವರು ಚೆನ್ನಾಗಿದೆ ಎಂದರು, ಮರೆತರು. ಗೋದಾಮಿನದ್ದನ್ನೇ ಬಿಡಬೇಕಿತ್ತು ಎಂದು ನಾನು ಹೇಳಿದ್ದಕ್ಕೆ ಬಹಳ ದಿನ ಮಾತು ಬಿಟ್ಟಳು.

ಒಮ್ಮೆ ಮಲ್ಲೇಶ್ವರದ ಗೆಳೆಯನೊಬ್ಬ, ತನ್ನ ಬಳಿ ಉಳಿದಿದ್ದ ಗೋದಾಮಿನ ಹಾಡಿನ ಪ್ರತಿಯನ್ನು ಅವಳನ್ನು ಕೇಳದೆ ಇಂಟರ್ನೆಟ್ಟಿಗೆ ಹಾಕಿಬಿಟ್ಟ. ಸಂಜೆಯೊಳಗೆ ಗುರುತಿಲ್ಲದವರೆಲ್ಲ ಯಾರಿವಳು, ಇನ್ನೂ ಹಾಡುಗಳಿವೆಯಾ ಎಂದು ಕೇಳತೊಡಗಿದರು. ಆಲ್ಬಮ್ಮಿಗೆ ಒಂದು ದಿನವೂ ಸಿಗದ ಪ್ರೀತಿ ಅದು. ಉಮಾ ಆಟೋ ಹಿಡಿದು ಅವನ ಮನೆಗೆ ಹೋಗಿ, ಅವನು ಅದನ್ನು ತೆಗೆಯುವವರೆಗೂ ಬಾಗಿಲಲ್ಲೇ ನಿಂತಳು. ಅವನ ತಾಯಿ ಕೊಟ್ಟ ಕಾಫಿಯನ್ನು ಮಾತ್ರ ಕುಡಿದು, ಚೆನ್ನಾಗಿದೆ ಅಮ್ಮ ಎಂದು ಹೇಳಿ ಬಂದಳಂತೆ.

ಕೊನೆಯ ಸಲ ಅವಳನ್ನು ನೋಡಿದ್ದು ತ್ಯಾಗರಾಜನಗರದ ಮನೆಯಲ್ಲಿ. ಕಾಯಿಲೆಯಿಂದ ಸೊರಗಿ, ಎರಡು ಮಾತಿಗೆ ಉಸಿರು ಸಾಲದಂತಾಗಿತ್ತು. ಹಾಡುವುದು ಮುಗಿದಿತ್ತು. ಆ ಸ್ಥಿತಿಯಲ್ಲೂ ನಾನು ಜಗಳ ತೆಗೆದೆ. ಇಷ್ಟು ಒಳ್ಳೆಯದನ್ನು ಮುಚ್ಚಿಡುವುದು ಸೊಕ್ಕು ಎಂದೆ. ಅವಳು ರೇಗಲಿಲ್ಲ.

"ಆಲ್ಬಮ್ಮಲ್ಲಿ ನಾನು ಜನಕ್ಕೆ ಅಂತ ಹಾಡಿದೀನಿ. ಗೋದಾಮಲ್ಲಿ ಯಾರೂ ಕೇಳ್ತಿಲ್ಲ ಅಂದ್ಕೊಂಡು ಹಾಡ್ತಿದ್ದೆ."

"ಅದಕ್ಕೇ ಚೆನ್ನಾಗಿರೋದು" ಎಂದೆ.

"ಗೊತ್ತು ಕಣೋ. ಅದಕ್ಕೇ ಬೇಡ ಅಂತಿರೋದು."

ನಾನು ಎದ್ದು ಬಂದೆ. ಸ್ವಲ್ಪ ದಿನಕ್ಕೇ ಹೋಗಿಬಿಟ್ಟಳು.

ಶಿವಗಣಾರಾಧನೆಯ ದಿನ ಅವಳ ಫೋಟೋದ ಪಕ್ಕ ಸ್ಪೀಕರ್ ಇಟ್ಟು ಆಲ್ಬಂ ಹಾಕಿದ್ದರು. ಕೊಳಲು, ವಯಲಿನ್, ನಡುವೆ ಒಂದು ಅಚ್ಚುಕಟ್ಟಾದ ದನಿ. ಜನ ಅದರ ಮೇಲೆಯೇ ಮಾತಾಡಿಕೊಂಡು ಊಟಕ್ಕೆ ಏಳುತ್ತಿದ್ದರು. ಅವಳ ತಮ್ಮ ಮಹೇಶ ನನ್ನನ್ನು ಪಕ್ಕಕ್ಕೆ ಕರೆದ. "ಹಳೇದು ನಿಮ್ಮತ್ರ ಇದೆಯಂತಲ್ಲ ಸಾರ್. ಕೊಡಿ, ಎಲ್ಲ ಕೇಳ್ಲಿ. ಬೇಡ ಅನ್ನೋಕೆ ಈಗ ಅಕ್ಕ ಇಲ್ವಲ್ಲ."

ಅಷ್ಟೂ ಹಾಡುಗಳು ನನ್ನ ಜೇಬಿನ ಫೋನಿನಲ್ಲೇ ಇದ್ದವು. ಆಗಲ್ಲ ಎಂದೆ. ಅವನಿಗೆ ಬೇಸರವಾಯಿತು, ನನಗೆ ಅವಳ ಮೇಲೆ ಸಿಟ್ಟು ಬಂತು. ಬದುಕಿದ್ದಿದ್ದರೆ ಇನ್ನೂ ಹತ್ತು ವರ್ಷ ಜಗಳವಾಡಿಯಾದರೂ ಒಪ್ಪಿಸುತ್ತಿದ್ದೆ. ಈಗ ಯಾರ ಜೊತೆ ಜಗಳವಾಡಲಿ?