ಅಲಪಾತಿಯ ಡಬ್ಬಿಯೊಳಗಿನ ಶಂಖ

ಅಲಪಾತಿಯ ಎಡಗೈಯಲ್ಲಿ ಉಳಿದಿದ್ದು ಮೂರೇ ಬೆರಳು. ಇನ್ನೆರಡನ್ನು ಮೀನುದೋಣಿಯ ಹಗ್ಗ ನುಂಗಿಹಾಕಿತ್ತು. ಅದಕ್ಕೂ ಮುಂಚೆ ಸವಾಯಿ ದ್ವೀಪದ ಆ ದಂಡೆಯುದ್ದಕ್ಕೂ ಗಿಟಾರ್ ಎಂದರೆ ಅಲಪಾತಿ. ಮದುವೆಯಿರಲಿ, ಹೊಸ ಚರ್ಚಿನ ಪ್ರವೇಶವಿರಲಿ, ಅವನ ತಂಡ ಬಾರದಿದ್ದರೆ ಎಂಥ ಹಂದಿ ಸುಟ್ಟರೂ ಊಟ ಸಪ್ಪೆ. ಬೆರಳು ಹೋದ ಮೇಲೆ ನಾಲ್ಕು ತಂತಿ ಒಟ್ಟಿಗೆ ಒತ್ತುವುದು ಆಗದ ಮಾತಾಯಿತು. ಗಿಟಾರನ್ನು ಚಾಪೆಯಲ್ಲಿ ಸುತ್ತಿ ತೊಲೆಗೆ ಕಟ್ಟಿದ. ಯಾರಾದರೂ ಕೇಳಿದರೆ, "ಕೋಳಿ ಮೊಟ್ಟೆ ಇಡೋಕೆ ಜಾಗ ಬೇಕಿತ್ತು ಮಾರಾಯ" ಎಂದು ನಗಿಸಿ ಕಳಿಸುತ್ತಿದ್ದ. ತಾನು ಮಾತ್ರ ನಗುತ್ತಿರಲಿಲ್ಲ.

ಆಮೇಲೊಂದು ಕ್ರಿಸ್‌ಮಸ್ಸಿಗೆ ಆಕ್ಲೆಂಡಿನ ತಂಗಿ ಕಳಿಸಿದ ಪೆಟ್ಟಿಗೆಯಲ್ಲಿ, ಟವೆಲ್ಲುಗಳ ನಡುವೆ, ಕಾಲಲ್ಲಿ ಒತ್ತುವ ಒಂದು ಕೆಂಪು ಡಬ್ಬಿ ಬಂತು. ಲೂಪರ್ ಅಂತೆ ಅದರ ಹೆಸರು. ಒಮ್ಮೆ ಒತ್ತಿ ನುಡಿಸಿದರೆ ಹಿಡಿದಿಟ್ಟುಕೊಳ್ಳುತ್ತದೆ, ಮತ್ತೆ ಒತ್ತಿದರೆ ಅದನ್ನೇ ಸುತ್ತಿ ಸುತ್ತಿ ಕೇಳಿಸುತ್ತದೆ. ಅದರ ಮೇಲೆ ಇನ್ನೊಂದು ಪದರ, ಮತ್ತೊಂದು ಪದರ, ಎಷ್ಟು ಬೇಕಾದರೂ ಹಾಕಬಹುದು. ಅಲಪಾತಿ ಗಿಟಾರನ್ನು ತೊಲೆಯಿಂದ ಇಳಿಸಿ, ದಪ್ಪ ತಂತಿಯನ್ನು ಒಂದೇ ಬೆರಳಿನಲ್ಲಿ ನುಡಿಸಿದ. ಅದರ ಮೇಲೆ ಎರಡು ತಂತಿಯ ತಾಳ, ಅದರ ಮೇಲೆ ರಾಗ. ಮೂರು ಬೆರಳಿನವನು ಒಬ್ಬನೇ ಇಡೀ ತಂಡವಾಗಿಬಿಟ್ಟ. ಅವತ್ತು ಅವನು ಗಳಗಳ ಅತ್ತ. ಹೆಂಡತಿ ಫಿಲೆಮುವೂ ಅತ್ತಳು. ಕಣ್ಣೊರೆಸಿಕೊಂಡ ಮೇಲೆ, "ಸಾಕು, ಹೋಗಿ ತೆಂಗಿನಕಾಯಿ ಸುಲೀರಿ" ಎಂದಳು.

ಅಂದಿನಿಂದ ಟಾರೊ ಗೆಡ್ಡೆಯ ತೋಟದ ಕೆಲಸ ಮುಗಿದರೆ ಸರಿ, ಚಾಪೆ ಹಾಸಿ ಕೂತು ಬೆರಳಿಗೆ ಬಂದದ್ದನ್ನು ನುಡಿಸುವುದು. ಮೊದಲೇ ಯೋಚಿಸಿಟ್ಟ ಹಾಡಿಲ್ಲ, ಕೂತಾಗ ಹುಟ್ಟಿದ್ದೇ ಹಾಡು. ಹೊರಗಿನ ಅಲೆಯ ಸದ್ದೂ ಸೇರಲಿ ಎಂದು ಒಂದು ಹಳೆಯ ಮೈಕನ್ನೂ ಡಬ್ಬಿಗೆ ಸಿಕ್ಕಿಸಿದ್ದ. ಒಂದು ಸಂಜೆ ಎಂದೂ ಬಾರದಷ್ಟು ಚೆಂದದ ನಡೆಯೊಂದು ಸಿಕ್ಕಿತು. ಅದೇ ಹೊತ್ತಿಗೆ ಪಕ್ಕದ ಮನೆಯ ಮಲಾಕಿ ಸಂಜೆಯ ಪ್ರಾರ್ಥನೆಗೆ ಶಂಖ ಊದಿದ. ಶಂಖ ಊದಿದರೆ ಇಡೀ ಊರು ಸ್ತಬ್ಧ. ದಾರಿಯಲ್ಲಿದ್ದವರು ಇದ್ದಲ್ಲೇ ಕೂರಬೇಕು, ಮೀರಿದವರು ಪಂಚಾಯಿತಿಗೆ ಹಂದಿ ತೆರಬೇಕು. ಅಲಪಾತಿ ಕೂಡಲೇ ಕೈ ತೆಗೆದ. ಆದರೆ ಶಂಖ ಆಗಲೇ ಡಬ್ಬಿ ಹೊಕ್ಕಿತ್ತು, ಅದೂ ಅವನ ಶ್ರುತಿಗೆ ಸರಿಯಾಗಿ! ಅಳಿಸಲು ಮನಸ್ಸು ಬರಲಿಲ್ಲ.

ಎಡವಟ್ಟಾದದ್ದು ಶನಿವಾರ ಮಧ್ಯಾಹ್ನ. ಮನೆಯ ಹಿಂದಿನ ಮೈದಾನದಲ್ಲಿ ಪಕ್ಕದೂರಿನವರೊಂದಿಗೆ ಕ್ರಿಕೆಟ್ ನಡೆದಿತ್ತು. ಇವನು ಸ್ಪೀಕರ್ ಜೋರು ಮಾಡಿ ಆ ನಡೆಯನ್ನು ಕೇಳುತ್ತ ಕೂತ. ಮನೆಗೆ ಗೋಡೆಯಿದ್ದರೆ ತಾನೇ ಸದ್ದು ತಡೆಯಲು? ಇದ್ದದ್ದು ಬರೀ ಕಂಬ. ಅತ್ತ ಚೆಂಡು ಆಕಾಶಕ್ಕೇರಿತ್ತು. ನಮ್ಮೂರ ತಂಡದ ಪೆಸಮಿನೊ ಅದನ್ನು ಹಿಡಿಯಲು ಕೈಯೊಡ್ಡಿ ನಿಂತಿದ್ದ. ಡಬ್ಬಿಯ ಶಂಖ ಮೊಳಗಿತು. ಪೆಸಮಿನೊ ನಿಂತಲ್ಲೇ ಚಕ್ಕಳಮಕ್ಕಳ ಹಾಕಿ, ತಲೆ ತಗ್ಗಿಸಿ ಕೂತುಬಿಟ್ಟ. ಚೆಂಡು ಅವನ ಬೆನ್ನ ಹಿಂದೆ ಬಿತ್ತು. ಪಕ್ಕದೂರಿನವರೂ ಭಕ್ತಿಯಿಂದ ಕೂತರು, ಆದರೆ ಓಟ ಮುಗಿಸಿ ಕೂತರು. ಶಂಖದಿಂದ ಬಂದರೆ ತೀರ್ಥ ಅನ್ನುತ್ತಾರೆ, ನಮ್ಮೂರಿಗೆ ಬಂದದ್ದು ಸೋಲು.

ಸೋಮವಾರ ಮಧ್ಯಾಹ್ನ ಊರ ಯಜಮಾನರೆಲ್ಲ ಪಂಚಾಯಿತಿ ಸೇರಿದರು. ಮಲಾಕಿ ಕೆಂಡವಾಗಿದ್ದ.

"ನನ್ನ ಉಸಿರು ಕದ್ದಿದಾನೆ ಸ್ವಾಮಿ! ಅಪ್ಪನ ಕಾಲದ ಶಂಖ ಅದು. ಇವನ ಡಬ್ಬಿ ಊದಿದರೂ ಊರು ಕೂರೋದಾದರೆ ನಾನ್ಯಾಕೆ ಬೇಕು? ಡಬ್ಬಿ ಸಮುದ್ರಕ್ಕೆ ಹೋಗಲಿ."

ಅಲಪಾತಿ ಕೈ ಮುಗಿದ. "ಹಂದಿ ಕೊಡ್ತೀನಿ, ಯಜಮಾನರೆ. ಡಬ್ಬಿ ಒಂದು ಬಿಟ್ಟುಬಿಡಿ. ಅದು ಹೋದರೆ ನನ್ನ ಬೆರಳು ಇನ್ನೊಂದ್ಸಲ ಹೋದ ಹಾಗೆ."

ಹಿರಿಯ ಯಜಮಾನ ಮುಲಿತಾಲೊ ಗಡ್ಡ ಕೆರೆದುಕೊಂಡ. "ಕಳ್ಳನ್ನ ನೋಡದೆ ಶಿಕ್ಷೆ ಕೊಡೋದು ಹೇಗೆ? ನುಡಿಸೋ, ಕೇಳೋಣ."

ಅಲಪಾತಿ ಗಿಟಾರ್, ಡಬ್ಬಿ, ಸ್ಪೀಕರ್ ತರಿಸಿಕೊಂಡು ಕಾಲಿಂದ ಒತ್ತಿದ. ಆ ನಡೆ ಬಂತು, ಶಂಖವೂ ಬಂತು. ಒಬ್ಬಿಬ್ಬರು ಅಭ್ಯಾಸಬಲದಿಂದ ತಲೆ ತಗ್ಗಿಸಿ, ನಾಚಿ ಎತ್ತಿದರು. ಅವನು ಅದರ ಮೇಲೆ ತಾಳ ಹಾಕಿದ, ರಾಗ ಎಳೆದ. ಯಜಮಾನರು ತೊಡೆ ತಟ್ಟತೊಡಗಿದರು. ಹೊತ್ತು ಇಳಿದದ್ದು, ಮಲಾಕಿ ಎದ್ದು ಹೋದದ್ದು ಯಾರ ಗಮನಕ್ಕೂ ಬರಲಿಲ್ಲ.

ಶಂಖ ಮತ್ತೆ ಮೊಳಗಿತು. ಅಲಪಾತಿ ಕಿವಿಗೊಟ್ಟ. ಡಬ್ಬಿಯ ಶಂಖ ಬರುವ ಜಾಗ ಅವನಿಗೆ ಗೊತ್ತು, ಇದು ಆ ಜಾಗವಲ್ಲ.

"ಭಲೇ! ಈಗ ಎರಡೆರಡು ಸಲ ಊದ್ತಾ ಇದೆ ನೋಡ್ರೋ!" ಮುಲಿತಾಲೊ ಚಪ್ಪಾಳೆ ಹೊಡೆದ. "ನಿಲ್ಲಿಸಬೇಡ ಕಣೋ!"

ಸುಮ್ಮನೆ ನುಡಿಸುತ್ತ ಹೋದರೆ ಯಜಮಾನರು ಖುಷಿಯಾಗಿರುತ್ತಾರೆ, ಡಬ್ಬಿ ಉಳಿದರೂ ಉಳಿಯಬಹುದು. ಆದರೆ ಪ್ರಾರ್ಥನೆಯ ಶಂಖದ ಮೇಲೆ ಹಾಡು ಹರಿಸುವುದು ಅವನಿಂದಾಗಲಿಲ್ಲ. ಕಾಲಿಂದ ಒತ್ತಿ ನಿಲ್ಲಿಸಿದ.

ಡಬ್ಬಿ ಸುಮ್ಮನಾಯಿತು. ಶಂಖ ಸುಮ್ಮನಾಗಲಿಲ್ಲ.

ಮುಲಿತಾಲೊನ ಕೈ ಚಪ್ಪಾಳೆಯ ನಡುವೆಯೇ ನಿಂತಿತು. ಊರಿಗೆಲ್ಲ ದಂಡ ಹಾಕುವ ಪಂಚಾಯಿತಿ ತಾನೇ ಪ್ರಾರ್ಥನೆಯ ಹೊತ್ತಿನಲ್ಲಿ ತೊಡೆ ತಟ್ಟುತ್ತಿತ್ತು! ಎಲ್ಲರೂ ಹಾಗೇ ತಲೆ ತಗ್ಗಿಸಿದರು. ಮುಲಿತಾಲೊ ಮೆಲುದನಿಯಲ್ಲಿ ಪ್ರಾರ್ಥನೆ ಹೇಳಿದ: ಇವತ್ತಿನ ಅನ್ನಕ್ಕೆ, ಗಾಳಿ ಮಳೆಯಿಂದ ಕಾಪಾಡಿದ್ದಕ್ಕೆ, ಅಲಪಾತಿಯ ಕೈಯಲ್ಲಿ ಇನ್ನೂ ಉಳಿಸಿರುವ ಬೆರಳುಗಳಿಗೆ, ದೇವರೇ, ನಿನಗೆ ವಂದನೆ. ಅಲಪಾತಿ ತನ್ನ ಎಡಗೈ ನೋಡಿಕೊಂಡ. ಬೆರಳು ಹೋದ ಮೇಲೆ ಹೋದದ್ದಕ್ಕೆ ಮರುಗಿದವರೇ ಎಲ್ಲರೂ. ಉಳಿದದ್ದಕ್ಕೆ ವಂದನೆ ಹೇಳಿದವನು ಮುಲಿತಾಲೊ ಒಬ್ಬನೇ.

ಪ್ರಾರ್ಥನೆ ಮುಗಿಯಿತೆಂದು ಇನ್ನೊಮ್ಮೆ ಶಂಖ ಊದಿ ಮಲಾಕಿ ಬಂದು ಸೊಂಟದ ಮೇಲೆ ಕೈಯಿಟ್ಟು ನಿಂತ. "ನನ್ನ ಮನೆ ತನಕ ಕೇಳಿಸ್ತಿತ್ತು, ಯಜಮಾನರೆ. ಈಗ ದಂಡ ಯಾರಿಗೆ?"

"ಎಲ್ಲರಿಗೂ," ಎಂದ ಮುಲಿತಾಲೊ. "ಇವನ ಹಂದಿ, ನಮ್ಮ ಹಂದಿ, ಎಲ್ಲ ಸುಡೋಣ. ಪೆಸಮಿನೊಗೆ ಮೊದಲ ತುಂಡು. ಡಬ್ಬಿ ಕಿತ್ಕೊಳ್ಳೋದಾದರೆ ನಮ್ಮ ಕಿವಿಗಳನ್ನೂ ಕಿತ್ಕೋಬೇಕಾಗುತ್ತೆ. ಅಲಪಾತಿ, ಮಲಾಕಿಯ ಉಸಿರು ಅವನಿಗೆ ವಾಪಸ್ ಕೊಡು. ಅಳಿಸು."

ಅಲಪಾತಿ ಕಾಲನ್ನು ಡಬ್ಬಿಯ ಮೇಲೆ ಒತ್ತಿ ಹಿಡಿದ. ಬದುಕಿನಲ್ಲಿ ಸಿಕ್ಕ ಅತಿ ಚೆಂದದ ನಡೆ ಅಳಿಸಿಹೋಯಿತು. ಸಂಕಟವಾಯಿತು, ನಿಜ. ಆದರೆ ಯಜಮಾನರು ಯಾರೂ ಮನೆಗೆ ಹೊರಟಿರಲಿಲ್ಲ. ಮಲಾಕಿಯೂ ಗೊಣಗುತ್ತ ಬಂದು ಪಕ್ಕದಲ್ಲೇ ಕೂತ.

"ಈಗ ಶಂಖ ಇಲ್ಲದ್ದು ಒಂದು ಶುರು ಮಾಡು, ನೋಡೋಣ," ಎಂದ.

ಅಲಪಾತಿ ದಪ್ಪ ತಂತಿಯ ಮೇಲೆ ಬೆರಳಿಟ್ಟ. ಕಣ್ಣು ಮಂಜಾಗಿ ತಂತಿ ಕಾಣಿಸುತ್ತಿರಲಿಲ್ಲ. ಒರೆಸಿಕೊಳ್ಳಲೂ ಇಲ್ಲ, ಹಾಗೇ ನುಡಿಸಿದ.