ಮೂರು ಗಂಟೆಗೆ ಬಾಗಿಲು ಹಾಕುವ ಗುಡ್ರೂನ್

ಕೆಲಸಗಾರರು ನಿಂತುಕೊಂಡು ಕಾಫಿ ಕುಡಿಯುವುದನ್ನು ಕಂಡರೆ ಗುಡ್ರೂನ್ ರಾಸ್ಕ್‌ಗೆ ಮೈ ಉರಿಯುತ್ತಿತ್ತು. ಗಿರಾಕಿಗಳ ಮಾತು ಬೇರೆ. ಅವರು ಓಡುತ್ತ ಕುಡಿಯಲಿ, ಟ್ರಾಮಿನ ಮೆಟ್ಟಿಲ ಮೇಲೆ ಚೆಲ್ಲಿಕೊಳ್ಳಲಿ. ದುಡಿಯುವವರು ಮಾತ್ರ ದಿನಕ್ಕೊಮ್ಮೆಯಾದರೂ ಒಂದೇ ಮೇಜಿಗೆ ಕೂತು, ಒಬ್ಬರ ಮುಖ ಒಬ್ಬರು ನೋಡಿಕೊಂಡು ಕಾಫಿ ಕುಡಿಯಬೇಕು. ಹಾಗೆ ಕೂರದ ಜಾಗ ಅವಳ ಪಾಲಿಗೆ ಕೆಲಸದ ಜಾಗವೇ ಅಲ್ಲ.

ಇದು ಅಪ್ಪನಿಂದ ಬಂದ ಹಟ. ಅವನು ಇದೇ ಬಂದರು ಊರು ಗೋಥೆನ್‌ಬರ್ಗಿನ ಹಡಗುಕಟ್ಟೆಯಲ್ಲಿ ಹಡಗುಗಳಿಗೆ ಬೆಸುಗೆ ಹಾಕುತ್ತಿದ್ದ. ಸೈರನ್ ಕೂಗಿತೆಂದರೆ ಮೇಸ್ತ್ರಿಯೂ ನಿನ್ನೆ ಸೇರಿದವನೂ ಒಂದೇ ಬೆಂಚಿನ ಮೇಲೆ ಕೂತು ಫ್ಲಾಸ್ಕ್ ತೆರೆಯುತ್ತಿದ್ದರು. ಜಗಳಗಳೆಲ್ಲ ಅಲ್ಲೇ ಹುಟ್ಟಿ ಅಲ್ಲೇ ಸಾಯುತ್ತಿದ್ದವು. ಆ ಕೂರುವಿಕೆಗೆ ಇಲ್ಲಿಯವರು ಫೀಕಾ ಅನ್ನುತ್ತಾರೆ. ಹಡಗುಕಟ್ಟೆ ಮುಚ್ಚಿತು. ಗುಡ್ರೂನ್ ಒಂದು ಕಾರ್ಖಾನೆಯ ಊಟದ ಮನೆಯಲ್ಲಿ ಬಡಿಸುತ್ತ ಅರ್ಧ ಆಯುಸ್ಸು ಕಳೆದಳು, ಅದೂ ಮುಚ್ಚಿತು. ಕೊನೆಗೆ ಮಗಳ ವಯಸ್ಸಿನವರ ಜೊತೆ ಸಾಲಿನಲ್ಲಿ ನಿಂತು, ದೇಶದೇಶಗಳಲ್ಲಿ ಅಂಗಡಿ ಹರಡಿದ್ದ ಒಂದು ಕಾಫಿ ಕಂಪನಿ ಸೇರಿದಳು. ಹಾಲಿನ ನೊರೆ ಎಬ್ಬಿಸುವುದು ಬೇಗ ಕೈಗೆ ಹತ್ತಿತು. ನಗುನಗುತ್ತ ಹೆಸರು ಕೇಳಿ ಲೋಟದ ಮೇಲೆ ಬರೆಯುವುದಕ್ಕೆ ಮಾತ್ರ ನಾಲಿಗೆ ಬಗ್ಗಲಿಲ್ಲ.

"ಕಾಫಿ ಕೇಳ್ದೋನ ಹೆಸರು ನಂಗ್ಯಾಕೆ? ನಾನೇನು ಪೊಲೀಸಾ?" ಅನ್ನುತ್ತಿದ್ದಳು.

ಅಂಗಡಿಯ ಮುಖ್ಯಸ್ಥೆಯಾದ ದಿನವೇ ಅವಳು ಹಿಂದಿನ ಮೂಲೆಗೆ ಒಂದು ದೊಡ್ಡ ಮೇಜು ತರಿಸಿದಳು. ದಿನವೂ ಮಧ್ಯಾಹ್ನ ಮೂರಕ್ಕೆ ಬಾಗಿಲು ಹಾಕಿ ಎಲ್ಲರನ್ನೂ ಕಾಲು ಗಂಟೆ ಕೂರಿಸತೊಡಗಿದಳು. ಕಂಪನಿಯ ಕಟ್ಟಳೆ ಅದಕ್ಕೆ ತದ್ವಿರುದ್ಧ: ಬಿಡುವು ಒಬ್ಬೊಬ್ಬರಿಗೆ, ಬಾಗಿಲು ಸದಾ ತೆರೆದಿರಬೇಕು.

ಕಂಪನಿ ಆ ವರ್ಷ ಊರಿನಲ್ಲಿ ಇನ್ನೂ ನಾಲ್ಕು ಅಂಗಡಿ ತೆರೆಯಲು ಹೊರಟಿತ್ತು. ಅವುಗಳಲ್ಲಿ ಎರಡು ತೆರೆದಾಗಿತ್ತು. ಗೋಡೆಯ ಬಣ್ಣದ ವಾಸನೆ ಹೋಗುವ ಮೊದಲೇ ಅಲ್ಲಿಯ ಕೆಲಸಗಾರರು ಕಾಲು ಕಿತ್ತಿದ್ದರು. ಗುಡ್ರೂನಳ ಅಂಗಡಿಯಲ್ಲಿ ಮಾತ್ರ ಸೇರಿದವರು ಬಿಟ್ಟು ಹೋಗುತ್ತಿರಲಿಲ್ಲ. ಅವರಲ್ಲಿ ಕೆಲವರನ್ನು ಎತ್ತಿ ಹೊಸ ಅಂಗಡಿಗಳಿಗೆ ಮುಖ್ಯಸ್ಥರನ್ನಾಗಿ ಹಾಕೋಣವೆಂದು, ಸಿಬ್ಬಂದಿ ನೋಡಿಕೊಳ್ಳುವ ಮೆಲ್ಕರ್ ಸ್ಟಾಕ್‌ಹೋಮಿನಿಂದ ರೈಲು ಹತ್ತಿ ಬಂದ.

"ರಾಜಧಾನಿಯವನು ಬಂದ್ಯಾ? ಬಾ, ಪಾಪ, ಒಂದಿಷ್ಟು ಒಳ್ಳೆ ಗಾಳಿ ಕುಡಿ," ಎಂದಳು ಗುಡ್ರೂನ್.

ಮೆಲ್ಕರ್ ನಗಲಿಲ್ಲ. "ಗುಡ್ರೂನ್, ನಿಂಗೆ ಎರಡು ಸಲ ಹೇಳಿದ್ದಾಯ್ತು. ಈ ಬಾಗಿಲು ಹಾಕೋದು ಇವತ್ತಿಗೆ ಮುಗೀಬೇಕು. ಇಲ್ದಿದ್ರೆ ಈ ಅಂಗಡಿಗೆ ಬೇರೆಯವರನ್ನ ಹುಡುಕ್ತೀವಿ."

"ಹುಡುಕು. ಆ ಎರಡು ಅಂಗಡಿಗೇ ಇನ್ನೂ ಯಾರೂ ಸಿಕ್ಕಿಲ್ವಂತಲ್ಲ?"

ಅವನು ಕಿಟಕಿಯ ಬಳಿ ಕೂತು ಒಬ್ಬೊಬ್ಬರನ್ನೇ ಕರೆದ. ಮೊದಲು ರಾಹ್ವಾ. ಅವಳ ತಾಯಿತಂದೆ ಎರಿಟ್ರಿಯಾದಿಂದ ಬಂದವರು. ಅವಳ ನಾಲಿಗೆಯೋ ಈ ಬಂದರಿನದೇ. ಗುಡ್ರೂನಳ ಬಲಗೈ. ಬಡ್ತಿಯ ಮಾತು ಕೇಳಿ ಅವಳು, "ಕೇಳಿ ಹೇಳ್ತೀನಿ," ಎಂದಳು.

"ಯಾರನ್ನ?"

"ಇವರನ್ನೆಲ್ಲ."

"ಬಡ್ತಿ ನಿಂದು ಮಾರಾಯ್ತಿ, ಅವರನ್ನ ಯಾಕೆ ಕೇಳ್ತೀಯ?"

"ನಾನು ಹೋದ್ರೆ ಬೆಳಗಿನ ಪಾಳಿ ಬೀಳೋದು ಅವರ ತಲೆ ಮೇಲೆ ತಾನೆ?"

ಹಿಂದೆ ಹಡಗಿನಲ್ಲಿ ಅಡುಗೆ ಮಾಡುತ್ತಿದ್ದ ಬೆರ್ಟಿಲ್ ಕೂಡ ಅದನ್ನೇ ಹೇಳಿದ. ಮಿಕ್ಕವರೂ ಅಷ್ಟೆ. ಮೆಲ್ಕರ್‌ಗೆ ಗೋಡೆಗೆ ಹಣೆ ಚಚ್ಚಿಕೊಂಡಂತಾಯಿತು.

ಮೂರಾಯಿತು. ಗುಡ್ರೂನ್ ಅವನ ಕಣ್ಣೆದುರಿಗೇ ಹೋಗಿ ಬಾಗಿಲಿಗೆ ಬೀಗ ಹಾಕಿದಳು. ಕೆಲಸ ಹೋದರೆ ಹೋಗಲಿ ಎಂದು ಅವಳು ಬೆಳಿಗ್ಗೆಯೇ ಮನಸ್ಸು ಗಟ್ಟಿ ಮಾಡಿಕೊಂಡಿದ್ದಳು. ಮೆಲ್ಕರ್ ಕಾಗದದ ಲೋಟ ಹಿಡಿದು ಕಾಫಿ ಕೊಡುವ ಕಟ್ಟೆಗೆ ಒರಗಿ ನಿಂತ. ಮಿಕ್ಕವರೆಲ್ಲ ಮೇಜಿನ ಸುತ್ತ ಕೂತರು.

"ಅವನೇನು, ಕಾವಲಿಗೆ ನಿಂತಿದಾನಾ?" ಎಂದ ಬೆರ್ಟಿಲ್.

"ಬಂದು ಕೂತ್ಕೋ," ಎಂದಳು ಗುಡ್ರೂನ್. "ನಿಂತೋರ ಜೊತೆ ಇಲ್ಲಿ ಯಾರೂ ಮಾತಾಡಲ್ಲ. ಆ ಕಾಗದದ್ದು ಬಿಸಾಕು, ಪಿಂಗಾಣಿ ಬಟ್ಟಲು ತಗೋ."

ಅವನು ಕೂತ. ಬೆರ್ಟಿಲ್ ಏಲಕ್ಕಿ ಬನ್ನಿನ ತಟ್ಟೆ ತಳ್ಳಿದ. ಎರಡು ಗುಟುಕು ಒಳಗೆ ಹೋದ ಮೇಲೆ ಮೆಲ್ಕರ್‌ನ ಬಿಗುವು ಸಡಿಲಿತು. "ಹೊಸಬರು ಬರ್ತಾರೆ, ಒಬ್ಬರಿಗೊಬ್ಬರು ಗುರುತು ಹತ್ತೋ ಮುಂಚೆ ಹೋಗ್ತಾರೆ. ಮೇಲಿನವರು ನನ್ನ ಕುತ್ತಿಗೆ ಹಿಡಿದಿದಾರೆ," ಎಂದ.

ರಾಹ್ವಾ ಮೇಜಿನ ಸುತ್ತ ಒಮ್ಮೆ ಕಣ್ಣಾಡಿಸಿದಳು. "ಬೆಳಗಿನ ಪಾಳಿ ಹಂಚ್ಕೋತೀರಾ?" ಎಂದು ಕೇಳಿದಳು. ಬೆರ್ಟಿಲ್ ಗಡ್ಡ ಕೆರೆದು ತಲೆಯಾಡಿಸಿದ. ಮಿಕ್ಕವರೂ ಹೂಂ ಎಂದರು. "ಹಂಗಾದ್ರೆ ನಾನು ಹೋಗ್ತೀನಿ. ಆದ್ರೆ ಅಲ್ಲೂ ಮೂರಕ್ಕೆ ಬಾಗಿಲು ಹಾಕ್ತೀನಿ. ಅದಕ್ಕೆ ಒಪ್ಪಿದ್ರೆ ಮಾತ್ರ."

ಗುಡ್ರೂನ್ ಇದನ್ನು ಎಣಿಸಿರಲಿಲ್ಲ. ತನ್ನ ಕೆಲಸ ಹೋಗುವುದಕ್ಕೆ ಸಿದ್ಧಳಾಗಿದ್ದಳೇ ಹೊರತು ರಾಹ್ವಾ ಹೋಗುವುದಕ್ಕಲ್ಲ. 'ಬೇಡ ಕಣೇ' ಎಂದರೆ ಸಾಕು, ಆ ಹುಡುಗಿ ಉಳಿಯುತ್ತಿದ್ದಳು. ಮಾತು ತುಟಿಯ ತನಕ ಬಂತು. ಗುಡ್ರೂನ್ ಅದನ್ನು ಬಿಸಿ ಕಾಫಿಯ ಜೊತೆ ಒಳಗೆ ಇಳಿಸಿ ಮೆಲ್ಕರ್‌ನ ಕಡೆ ತಿರುಗಿದಳು.

"ಕೇಳಿಸ್ತಾ? ನಾಲ್ಕು ಅಂಗಡಿ ಕನಸು ಬಿಡು. ಸದ್ಯಕ್ಕೆ ಇವಳದ್ದೊಂದು ತೆಗಿ. ಅಲ್ಲಿ ಜನ ಬೇರು ಬಿಟ್ಟ ಮೇಲೆ ಅಲ್ಲಿಂದ್ಲೇ ಒಬ್ಬರು ಎದ್ದು ಮುಂದಿನದಕ್ಕೆ ಹೋಗ್ಲಿ."

"ಕಾಲು ಗಂಟೆ ವ್ಯಾಪಾರ ಹೋಗುತ್ತಲ್ಲ, ಅದಕ್ಕೆ ಮೇಲಿನವರಿಗೆ ಏನು ಹೇಳ್ಲಿ?"

"ಆ ಎರಡು ಅಂಗಡೀಲಿ ಜನ ಇಲ್ದೆ ಇಡೀ ದಿನ ಬಾಗ್ಲು ಮುಚ್ಚಿತ್ತಲ್ಲ, ಅವತ್ತು ಅವರಿಗೆ ಏನು ಹೇಳ್ದೆ?"

ಮೆಲ್ಕರ್‌ನ ಕಿವಿ ಕೆಂಪಾಯಿತು. "ಕೇಳಿ ಹೇಳ್ತೀನಿ," ಎಂದ. ಮೇಜಿನವರೆಲ್ಲ ಗೊಳ್ಳೆಂದು ನಕ್ಕರು. ಅವನಿಗೂ ನಗು ಬಂತು.

ಕೇಳಿದ, ಬೈಸಿಕೊಂಡ, ಆದರೆ ಕೈಬಿಡಲಿಲ್ಲ. ಕಂಪನಿ ಮೂಗು ಮುರಿಯುತ್ತಲೇ ಒಪ್ಪಿತು: ಒಂದೇ ಅಂಗಡಿ, ಮೂರಕ್ಕೆ ಬಾಗಿಲು ಹಾಕುವುದನ್ನು ಅರ್ಧ ವರ್ಷ ನೋಡೋಣ, ಗುಡ್ರೂನ್ ಕೂಡ ಅಲ್ಲಿಯತನಕ ಇರಲಿ.

ರಾಹ್ವಾ ಹೊರಟುಹೋದ ಮೇಲೆ ಒಂದು ವಾರ ಗುಡ್ರೂನ್ ಎಲ್ಲರ ಮೇಲೂ ಸಿಡುಕಿದಳು. ಫಳಫಳ ಹೊಳೆಯುತ್ತಿದ್ದ ಕಾಫಿ ಯಂತ್ರವನ್ನೇ ಮತ್ತೆ ಮತ್ತೆ ಉಜ್ಜಿದಳು. ಆಮೇಲೆ ಟ್ರಾಮ್ ಓಡಿಸಿ ಬೇಸತ್ತ ಒಬ್ಬ ನಡುವಯಸ್ಸಿನವನನ್ನು ಕೆಲಸಕ್ಕೆ ತೆಗೆದುಕೊಂಡು, ನೊರೆ ಎಬ್ಬಿಸುವುದನ್ನು ಮೊದಲಿನಿಂದ ಹೇಳಿಕೊಡತೊಡಗಿದಳು.

ಹೊಸ ಅಂಗಡಿ ತೆರೆದ ನಾಲ್ಕಾರು ದಿನಕ್ಕೆ ರಾಹ್ವಾ ಫೋನು ಮಾಡಿದಳು. "ಗುಡ್ರೂನ್, ಮೇಲಿನವರು ಬೆಳಿಗ್ಗೆ ಹೇಳಿಕಳ್ಸಿದ್ರು. ಮೊದಲ ತಿಂಗಳು ಬಾಗ್ಲು ಹಾಕ್ಬೇಡಿ, ಗಿರಾಕಿಗಳಿಗೆ ಅಭ್ಯಾಸ ಆಗ್ಲಿ ಅಂತ."

ಗುಡ್ರೂನ್ ಫೋನನ್ನು ಬಿಗಿಯಾಗಿ ಹಿಡಿದಳು. "ಅಲ್ಲಿ ಮುಖ್ಯಸ್ಥೆ ನೀನು. ನನ್ನನ್ನ ಏನು ಕೇಳ್ತೀಯ?"

"ಕೇಳ್ತಿಲ್ಲ, ಸುಮ್ನೆ ಹೇಳ್ದೆ. ಬಾಗ್ಲು ಹಾಕಾಯ್ತು. ಎಲ್ಲ ಕೂತಿದೀವಿ. ಫೋನ್ ಇಡ್ಲಾ? ಕಾಫಿ ಆರ್‍ತಿದೆ."